ಪ್ಯಾಚಮ್ ಗುಡ್ಡದ ಛತ್ರಿಯ ಬಗ್ಗೆ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನ ದಕ್ಷಿಣ ಭಾಗದ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಮತ್ತು ಎಲ್ಲ ಸದಸ್ಯ ಬಂಧುಗಳಿಗೆ

ಮಾನ್ಯರೇ,

ಸಸೆಕ್ಸ್‌ನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ನರ್ಸ್ ಆಗಿ ದುಡಿಯುತ್ತಿರುವ ಹಾಸನ ಜಿಲ್ಲೆಯ ಹೆಣ್ಣುಮಗಳು ನಾನು. ತಮ್ಮಲ್ಲಿ ಹಲವರ ಮನೆಯಲ್ಲಿ ಯುಗಾದಿಯ ಊಟ ಉಂಡಿದ್ದೇನೆ, ರಾಜ್ಯೋತ್ಸವದ ಸಭಾಂಗಣದಲ್ಲಿ ತಮ್ಮ ಜೊತೆ ನಿಂತು ಕುರ್ಚಿ ಜೋಡಿಸಿದ್ದೇನೆ. ಆ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಇದೇ ಮಾತನ್ನು ಸಭೆಯಲ್ಲಿ ಒಮ್ಮೆ, ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಯಾರೂ ಇಲ್ಲ ಎನ್ನಲಿಲ್ಲ, ಯಾರೂ ಕಿವಿಗೂ ಹಾಕಿಕೊಳ್ಳಲಿಲ್ಲ.

ಕಳೆದ ಮೇ ತಿಂಗಳ ಕೊನೆಯ ರಜೆಯಲ್ಲಿ ನಮ್ಮ ಸಂಘವೊಂದು ಬ್ರೈಟನ್‌ಗೆ ಪ್ರವಾಸ ಏರ್ಪಡಿಸಿತ್ತು. ಎರಡು ಬಸ್ಸುಗಳಲ್ಲಿ ತೊಂಬತ್ತು ಜನ. ರಾಯಲ್ ಪೆವಿಲಿಯನ್ ಅರಮನೆ, ಅದರ ಪಕ್ಕದ ಇಂಡಿಯನ್ ಗೇಟ್, ಆಮೇಲೆ ಕಡಲ ಮೇಲಿನ ಪಿಯರ್, ಕಲ್ಲುಗುಂಡುಗಳ ದಡದಲ್ಲಿ ಪುಳಿಯೋಗರೆ, ಸಂಜೆ ಅಂತ್ಯಾಕ್ಷರಿ. ಕಾರ್ಯಕ್ರಮ ಅಚ್ಚುಕಟ್ಟಾಗಿತ್ತು, ಮಕ್ಕಳು ಸಂತೋಷಪಟ್ಟರು. ಅದಕ್ಕೂ ಮೊದಲು ಸಮಿತಿಯ ಸಭೆಯಲ್ಲಿ ನಾನೊಂದು ಬೇಡಿಕೆ ಇಟ್ಟಿದ್ದೆ: ಪಟ್ಟಣದ ಹಿಂದಿರುವ ಪ್ಯಾಚಮ್ ಗುಡ್ಡದ ಮೇಲೆ, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ ಭಾರತೀಯ ಸೈನಿಕರ ನೆನಪಿಗೆ ಕಟ್ಟಿದ ಛತ್ರಿ ಎಂಬ ಸ್ಮಾರಕವಿದೆ, ಪ್ರವಾಸದಲ್ಲಿ ಎರಡು ಗಂಟೆಯನ್ನು ಅದಕ್ಕೆ ಕೊಡೋಣ ಎಂದು. ಎರಡು ಉತ್ತರ ಬಂದವು. ಮೊದಲನೆಯದು, ಅಲ್ಲಿಗೆ ಬಸ್ ಹೋಗುವುದಿಲ್ಲ. ಅದು ನಿಜ. ಎರಡನೆಯ ಉತ್ತರವನ್ನು ಹೇಳಿದವರು ಹಿರಿಯರು, ನಾನು ಗೌರವಿಸುವವರು: "ಅಲ್ಲಿ ಸುಟ್ಟದ್ದು ಪಂಜಾಬಿನವರನ್ನು, ಗೂರ್ಖಾಗಳನ್ನು. ನಮ್ಮವರು ಯಾರಿದ್ದಾರಮ್ಮಾ ಅಲ್ಲಿ?" ಎಲ್ಲರೂ ತಲೆಯಾಡಿಸಿದರು. ನನಗೆ ಆಗ ತಕ್ಷಣ ಮಾತು ಹೊರಡಲಿಲ್ಲ.

ಮೂರು ವಾರ ಕಳೆದ ಮೇಲೆ ರಜೆಯ ದಿನ ನಾನೊಬ್ಬಳೇ ಗುಡ್ಡ ಹತ್ತಿದೆ. ದೂರದಿಂದಲೇ ಕನ್ನಡ ಕೇಳಿಸಿತು, ಹಿಗ್ಗಿ ಬೇಗ ಬೇಗ ಹೆಜ್ಜೆ ಹಾಕಿದೆ. ಮೇಲೆ ಹೋಗಿ ನೋಡಿದರೆ ಹತ್ತು ಹನ್ನೆರಡು ಜನ. ಇಬ್ಬರು ಹುಡುಗಿಯರು ರೇಷ್ಮೆ ಸೀರೆ ಉಟ್ಟು ಅಮೃತಶಿಲೆಯ ಕಂಬಗಳ ನಡುವೆ ಕುಣಿಯುತ್ತಿದ್ದರು, ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಕೆಳಗೆ ಹುಲ್ಲಿನ ನಡುವೆ ಮೂರು ದೊಡ್ಡ ಗ್ರಾನೈಟ್ ಹಾಸುಗಳಿವೆ. ಅದರಲ್ಲೊಂದರ ಮೇಲೆ ಚಾದರ ಹಾಸಿ ಬುತ್ತಿ ಬಿಚ್ಚಿದ್ದರು: ಚಪಾತಿ, ಪಲ್ಯ, ಮೊಸರನ್ನ, ಬಿಸಿನೀರಿನ ಫ್ಲಾಸ್ಕು. ಆರೇಳು ವರ್ಷದ ಹುಡುಗನೊಬ್ಬ ಒಂದು ಹಾಸಿನಿಂದ ಇನ್ನೊಂದಕ್ಕೆ ಜಿಗಿಯುವ ಆಟವಾಡುತ್ತಿದ್ದ.

ಆ ಮೂರು ಹಾಸುಗಳು ಚಿತೆಕಟ್ಟೆಗಳು.

ಅವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಕ್ಷಣವೇ ಆ ತಾಯಿ ಮಗನ ಕೈಹಿಡಿದು ಕೆಳಗಿಳಿಸಿಕೊಂಡ ರೀತಿಯನ್ನು ನೋಡಿದ್ದೇನೆ. ಹೇಳಬೇಕೆಂದರೆ, ಒಂಬತ್ತು ವರ್ಷಗಳ ಹಿಂದೆ ಮೊದಲ ಸಲ ಅಲ್ಲಿಗೆ ಹೋದಾಗ ಅದೇ ಕಲ್ಲಿನ ಮೇಲೆ ಕುಳಿತು ನಾನೂ ಚಹಾ ಕುಡಿದಿದ್ದೆ. ನಾಯಿಯೊಡನೆ ವಾಯುವಿಹಾರಕ್ಕೆ ಬಂದಿದ್ದ ಇಂಗ್ಲಿಷ್ ಮುದುಕಿಯೊಬ್ಬರು ಹತ್ತಿರ ಬಂದು, ಬಹಳ ಮೆಲ್ಲಗೆ, "ಅವರನ್ನು ಸುಟ್ಟದ್ದು ಅಲ್ಲೇ" ಎಂದರು. ಸುಡುಗಾಡಿನ ಕಟ್ಟೆಯನ್ನು ನನ್ನ ಊರಿನಲ್ಲಿ ಎಳೆಯ ಮಗುವೂ ಗುರುತಿಸುತ್ತದೆ. ಇಲ್ಲಿ ನಾನು ಗುರುತಿಸಲಿಲ್ಲ, ಬೇರೆ ನಾಡಿನ ಅಜ್ಜಿ ಹೇಳಿಕೊಡಬೇಕಾಯಿತು. ಆ ನಾಚಿಕೆ ಇಂದಿಗೂ ಹೋಗಿಲ್ಲ.

ತಮ್ಮಲ್ಲಿ ಬಹುತೇಕರು ಅಲ್ಲಿಗೆ ಹೋಗಿಲ್ಲವಾದ್ದರಿಂದ ಆ ಜಾಗವನ್ನು ಸ್ವಲ್ಪ ವಿವರಿಸುತ್ತೇನೆ. ಪ್ಯಾಚಮ್ ಗುಡ್ಡ ಇರುವುದು ಸೌತ್ ಡೌನ್ಸ್ ಎಂಬ ಸೀಮೆಸುಣ್ಣದ ಗುಡ್ಡಗಳ ಸಾಲಿನಲ್ಲಿ. ಇಲ್ಲಿ ಬಂಡೆಯಿಲ್ಲ, ಕಾಡಿಲ್ಲ, ಬೋಳು ಹುಲ್ಲಿನ ಇಳಿಜಾರು. ಮಳೆ ಬಿದ್ದ ಮರುದಿನ ಕಾಲುದಾರಿಯ ಬಿಳಿ ಕೆಸರು ಬೂಟಿಗೆ ಮೆತ್ತಿಕೊಂಡರೆ ಮನೆಗೆ ಬಂದು ಕೆರೆದರೂ ಬಿಡುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 500 ಅಡಿ ಎತ್ತರದಲ್ಲಿ, ಬ್ರೈಟನ್ ಪಟ್ಟಣವನ್ನೂ ಅದರಾಚೆಯ ಕಡಲನ್ನೂ ನೋಡುತ್ತ ಈ ಬಿಳಿಯ ಗುಮ್ಮಟ ನಿಂತಿದೆ. ಎಂಟು ಕಂಬಗಳು, ಸಿಸಿಲಿ ದ್ವೀಪದಿಂದ ಬಂದ ಅಮೃತಶಿಲೆ. ಒಳಗೆ ವಿಗ್ರಹವಿಲ್ಲ, ಸಮಾಧಿಯಿಲ್ಲ, ಗಾಳಿ ಮಾತ್ರ ಆಡುತ್ತದೆ. ನನ್ನ ಜೊತೆ ಒಮ್ಮೆ ಬಂದಿದ್ದ ಗೆಳತಿಯ ಮಗಳು, "ಛತ್ರಿ ಎಂದರೆ ಕೊಡೆಯಲ್ಲವಾ?" ಎಂದು ಕೇಳಿದಳು. ಕನ್ನಡದ ಮಗು ಹಾಗೆ ಕೇಳುವುದು ಸಹಜ. ಉತ್ತರದ ಕಡೆ, ಅದರಲ್ಲೂ ರಾಜಸ್ಥಾನದಲ್ಲಿ, ಚಿತೆ ಉರಿದ ಜಾಗದ ಮೇಲೆ ಕಟ್ಟುವ ಗುಮ್ಮಟದ ಮಂಟಪಕ್ಕೂ ಅದೇ ಹೆಸರು ಎಂದು ಹೇಳಿದೆ. ಕೊಡೆ ಎಂದರೂ ತಪ್ಪಲ್ಲ. ಸತ್ತವರ ಮೇಲೆ ಹಿಡಿದ ನೆರಳು ಅದು.

ಇನ್ನು ಆ ಸತ್ತವರ ಮಾತು. ಮೊದಲ ಮಹಾಯುದ್ಧ ಶುರುವಾದ ಕೆಲವೇ ವಾರಗಳಲ್ಲಿ, 1914ರ ಶರತ್ಕಾಲದಲ್ಲಿ, ಭಾರತದ ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಅಲ್ಲಿಂದ ನೇರ ಕಂದಕಗಳಿಗೆ, ಅವರು ಹಿಂದೆಂದೂ ಕಂಡಿರದ ಚಳಿಗೆ. ಗಾಯಗೊಂಡವರನ್ನು ಹಡಗಿನಲ್ಲಿ ಕಡಲು ದಾಟಿಸಿ ಇಂಗ್ಲೆಂಡಿಗೆ ತಂದರು. ಬ್ರೈಟನ್‌ನ ಅರಮನೆ, ಅದರ ಪಕ್ಕದ ಡೋಮ್ ಎಂಬ ಸಭಾಂಗಣ, ಪಟ್ಟಣದ ಇನ್ನೂ ಕೆಲವು ಕಟ್ಟಡಗಳು ಆಸ್ಪತ್ರೆಗಳಾದವು. 1914ರ ಡಿಸೆಂಬರ್‌ನಿಂದ 1916ರ ಆರಂಭದವರೆಗೆ ಈ ಪಟ್ಟಣದ ಆಸ್ಪತ್ರೆಗಳಲ್ಲಿ ಸಾವಿರಾರು ಭಾರತೀಯ ಸೈನಿಕರು ಮಲಗಿದ್ದರು. ನಾವು ಮೇ ತಿಂಗಳಲ್ಲಿ ತಲೆಯೆತ್ತಿ ನೋಡಿ ಬೆರಗಾದ ಆ ಔತಣದ ಸಭಾಂಗಣಗಳಲ್ಲಿ ಹಾಸಿಗೆಗಳ ಸಾಲು ಇತ್ತು. ಜಾತಿ, ಧರ್ಮಕ್ಕೆ ತಕ್ಕಂತೆ ಅರಮನೆಯ ಆವರಣದಲ್ಲಿ ಒಂಬತ್ತು ಅಡುಗೆಮನೆಗಳನ್ನು ಏರ್ಪಡಿಸಿದ್ದರು. ಹಿಂದೂಗಳಿಗೆ, ಮುಸ್ಲಿಮರಿಗೆ ಕುಡಿಯುವ ನೀರಿನ ನಲ್ಲಿಗಳೂ ಬೇರೆ. ಚೇತರಿಸಿಕೊಂಡವರು ಮಾತ್ರ ಮನಬಂದಂತೆ ಪಟ್ಟಣದಲ್ಲಿ ಓಡಾಡುವಂತಿರಲಿಲ್ಲ. ಆದರವೂ ಇತ್ತು, ಬೇಲಿಯೂ ಇತ್ತು. ಎರಡನ್ನೂ ಮಕ್ಕಳಿಗೆ ಹೇಳಬೇಕು.

ನರ್ಸ್ ಆದ ನನಗೆ ಆ ವಾರ್ಡುಗಳು ಕಣ್ಣಿಗೆ ಕಟ್ಟುತ್ತವೆ. ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ಅದಕ್ಕೂ ಮುಂಚಿನ ಕಾಲವದು. ಗಾಯ ಕೀವುಗಟ್ಟಿದರೆ ತೊಳೆಯುವುದು, ಕತ್ತರಿಸುವುದು, ಕಾಯುವುದು, ಇಷ್ಟೇ. ಇಂದು ನಾನು ಹತ್ತು ದಿನದಲ್ಲಿ ಮನೆಗೆ ಕಳುಹಿಸುವ ರೋಗಿ ಅಂದು ಹತ್ತನೆಯ ದಿನ ಜ್ವರದಲ್ಲಿ ಹೋಗುತ್ತಿದ್ದ. ನಮ್ಮ ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ ಮೈ ಒರೆಸಿ, ಕೈಕಾಲು ನೇರ ಮಾಡಿ, ಮನೆಯವರನ್ನು ಕೇಳುತ್ತೇವೆ: ತಮ್ಮ ಸಂಪ್ರದಾಯದಲ್ಲಿ ಏನು ಮಾಡಬೇಕು ಎಂದು. ಆ ಹುಡುಗರ ಪರವಾಗಿ ಉತ್ತರ ಕೊಡಲು ಮನೆಯವರು ಯಾರೂ ಇರಲಿಲ್ಲ. ಜೊತೆಗಿದ್ದ ಸ್ವಧರ್ಮೀಯರೇ ಹೇಳಿದರು, ಆಡಳಿತ ಅದನ್ನು ನಡೆಸಿಕೊಟ್ಟಿತು. ಮುಸ್ಲಿಂ ಸೈನಿಕರ ಪಾರ್ಥಿವ ಶರೀರಗಳನ್ನು ವೋಕಿಂಗ್ ಪಟ್ಟಣಕ್ಕೆ ಕಳುಹಿಸಿ ಅಲ್ಲಿನ ಮಸೀದಿಯ ಸಮೀಪದ ದಫನಭೂಮಿಯಲ್ಲಿ ಮಣ್ಣು ಮಾಡಿದರು. ಹಿಂದೂಗಳನ್ನೂ ಸಿಖ್ಖರನ್ನೂ ಮೋಟಾರು ವಾಹನದಲ್ಲಿ ಈ ಗುಡ್ಡಕ್ಕೆ ತಂದು, ಕಾಂಕ್ರೀಟಿನ ಕಟ್ಟೆಗಳ ಮೇಲೆ (ಆ ಮೂರು ಗ್ರಾನೈಟ್ ಹಾಸುಗಳನ್ನು ಆಮೇಲೆ ಹೊದಿಸಿದ್ದು ಅವುಗಳ ಮೇಲೆಯೇ) ಸೌದೆ ಒಟ್ಟಿ, ಬಯಲಿನಲ್ಲೇ ದಹನ ಮಾಡಿದರು. ಬೂದಿಯನ್ನು ಕಡಲಿಗೆ ಬಿಟ್ಟರು. ಹೀಗೆ ಇಲ್ಲಿ ಬೂದಿಯಾದವರು 53 ಜನ.

ನಮ್ಮ ಮನೆಗಳಲ್ಲಿ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ಯುತ್ತೇವೆ. ನನ್ನ ತಂದೆಯದನ್ನು ಅಣ್ಣ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ, ದಾರಿಯುದ್ದಕ್ಕೂ ಮಾತಾಡಲಿಲ್ಲ. ಆ 53 ಜನರ ಬೂದಿಯನ್ನು ಯಾವ ಅಣ್ಣನೂ ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ. ನಾವು ಅಂತ್ಯಾಕ್ಷರಿ ಹಾಡಿದ ಕಡಲು ಅದೇ ಕಡಲು.

ಅಲ್ಲೊಂದು ಗುರುತು ಉಳಿಯಬೇಕು ಎಂದು 1915ರಲ್ಲೇ ಸೂಚಿಸಿದವರು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ದಾಸ್ ಗುಪ್ತಾ ಎಂಬ ಲೆಫ್ಟಿನೆಂಟ್. ಪಟ್ಟಣದ ಮೇಯರ್ ಜಾನ್ ಆಟರ್ ಅದರ ಬೆನ್ನು ಹತ್ತಿದರು. ವಿನ್ಯಾಸ ಮಾಡಿದವರು ಮುಂಬಯಿಯ ಯುವ ವಾಸ್ತುಶಿಲ್ಪಿ ಇ.ಸಿ. ಹೆನ್ರಿಕ್ಸ್. 1921ರ ಫೆಬ್ರವರಿ 1ರಂದು ವೇಲ್ಸ್ ರಾಜಕುಮಾರ ಅನಾವರಣ ಮಾಡಿದರು. ಅದರ ಮೇಲಿನ ಬರಹ ಇಂಗ್ಲಿಷ್, ಹಿಂದಿ, ಪಂಜಾಬಿ, ಉರ್ದು ಭಾಷೆಗಳಲ್ಲಿದೆ. ಇಲ್ಲಿ ತೀರಿಕೊಂಡ ಹಿಂದೂಗಳೂ ಸಿಖ್ಖರೂ "ಬೆಂಕಿಯನ್ನು ಹಾಯ್ದುಹೋದರು" ಎಂಬ ಮಾತು ಅದರಲ್ಲಿದೆ. ಅದನ್ನು ಮೊದಲ ಸಲ ಓದಿದಾಗ ನನ್ನ ನೆನಪಿಗೆ ಬಂದದ್ದು ನಮ್ಮೂರ ಜಾತ್ರೆಯ ಕೊಂಡ. ಕೊಂಡ ಹಾಯುವವರು ಆಚೆ ದಡದಲ್ಲಿ ಎದ್ದು ನಿಲ್ಲುತ್ತಾರೆ, ಹೆಂಗಸರು ಓಡಿಹೋಗಿ ಕಾಲಿಗೆ ನೀರು ಹಾಕುತ್ತಾರೆ. ಇವರು ಹಾಯ್ದ ಕೊಂಡಕ್ಕೆ ಆಚೆ ದಡವಿರಲಿಲ್ಲ.

ಸ್ಮಾರಕವೇನೋ ಆಯಿತು, ಅದರ ಮೇಲೆ ಒಬ್ಬರ ಹೆಸರೂ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಗುಡ್ಡಗಳು ಸೈನ್ಯದ ತರಬೇತಿಗೆ ಹೋದವು. ಗುಂಡುಗಳು ಅಮೃತಶಿಲೆಗೂ ತಗುಲಿದವು, ಯುದ್ಧ ಮುಗಿದ ಮೇಲೆ ದುರಸ್ತಿ ಮಾಡಿದರು. 53 ಹೆಸರುಗಳು ಆ ಗುಡ್ಡದ ಮೇಲೆ ಕಲ್ಲಿನಲ್ಲಿ ಮೂಡಿದ್ದು 2010ರ ಸೆಪ್ಟೆಂಬರ್‌ನಲ್ಲಿ, ಛತ್ರಿಯ ಪಕ್ಕದಲ್ಲಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಕಟ್ಟಿಸಿದ ಗೋಡೆಯ ಮೇಲೆ. ಅಂದರೆ, ಚಿತೆ ಆರಿದ 94 ವರ್ಷಗಳ ಮೇಲೆ.

ಈಗ ಸಮಿತಿಯ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಅಲ್ಲಿ ನಮ್ಮವರು ಯಾರಿದ್ದಾರೆ?

ಆ 53 ಜನರಲ್ಲಿ ಕನ್ನಡದವರು ಇದ್ದಾರೆಂದು ನಾನು ವಾದಿಸುವುದಿಲ್ಲ. ಬ್ರೈಟನ್‌ಗೆ ಬಂದ ಪಡೆಗಳು ಹೆಚ್ಚಾಗಿ ಪಂಜಾಬ, ಗಢವಾಲ, ನೇಪಾಳದ ಕಡೆಯವು. ಆದರೆ ಅದೇ ಯುದ್ಧಕ್ಕೆ ಮೈಸೂರಿನ ಕುದುರೆಸವಾರರೂ ಹೋಗಿದ್ದರು. ಮೈಸೂರು ಲ್ಯಾನ್ಸರ್ಸ್ ಮೊದಲು ಸೂಯೆಜ್ ಕಾಲುವೆಯ ಕಾವಲಿಗೆ, ಆಮೇಲೆ ಪ್ಯಾಲೆಸ್ಟೈನ್‌ಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದವರೊಂದಿಗೆ ನುಗ್ಗಿದಾಗ ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಏರು. ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದು ಹತ್ತಿದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಪ್ರತಿಮೆಯಾಗಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ನಮ್ಮ ಮೈಸೂರಿನವನು. ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ, ಪ್ರತಿವರ್ಷ ಅಲ್ಲಿ ಹೂವಿಡುತ್ತಾರೆ. ಹೂವಿಡಲು ನಿಲ್ಲುವವರಲ್ಲಿ ಎಷ್ಟು ಜನ ಮೈಸೂರಿನವರಿದ್ದಾರು? ಅವರೆಲ್ಲ "ಇಲ್ಲಿ ನಮ್ಮವರು ಯಾರಿದ್ದಾರೆ" ಎಂದುಕೊಂಡು ಮನೆಯಲ್ಲಿ ಕುಳಿತಿದ್ದರೆ ನಮ್ಮ ಕುದುರೆಸವಾರನ ಕಲ್ಲಿಗೆ ಹೂವು ಎಲ್ಲಿಂದ ಬರಬೇಕಿತ್ತು?

ಪ್ಯಾಚಮ್ ಗುಡ್ಡದಲ್ಲೂ ಹಾಗೆಯೇ. 1951ರಿಂದ 1999ರವರೆಗೆ ವರ್ಷಕ್ಕೊಮ್ಮೆ ಅಲ್ಲಿ ನಮನ ಸಲ್ಲಿಸುವ ಕಾರ್ಯಕ್ರಮ ನಡೆಸಿದ್ದು ರಾಯಲ್ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆ. ಮಾಜಿ ಸೈನಿಕರಿಗೆ ವಯಸ್ಸಾಗಿ ಅವರು ನಿಲ್ಲಿಸಿದ ಮೇಲೆ ಸ್ಥಳೀಯ ಸ್ವಯಂಸೇವಕರು ಎತ್ತಿಕೊಂಡರು. ಇಂದಿಗೂ ಜೂನ್ ತಿಂಗಳ ಒಂದು ಭಾನುವಾರ ಅದು ನಡೆಯುತ್ತದೆ. ಪೇಟ ಸುತ್ತಿದ ಹಿರಿಯರು, ಪದಕ ತೊಟ್ಟ ಇಂಗ್ಲಿಷರು, ಗೂರ್ಖಾ ಕುಟುಂಬಗಳು, ಹುಲ್ಲಿನ ಮೇಲೆ ಒಟ್ಟಿಗೆ ನಿಲ್ಲುತ್ತಾರೆ. ಕಹಳೆ ಊದಿ ನಿಲ್ಲಿಸಿದ ಮೇಲೆ ಬಾನಾಡಿಯ ದನಿ, ದೂರದ ಹೆದ್ದಾರಿಯ ಗುಂಯ್‌ಗುಡುವಿಕೆ, ಅಷ್ಟೇ ಕೇಳಿಸುತ್ತದೆ. ನಾನು ಪಾಳಿ ಬದಲಿಸಿಕೊಂಡು ನಾಲ್ಕು ಸಲ ಹೋಗಿದ್ದೇನೆ. ನಾಲ್ಕು ಸಲವೂ ಮಾಲೆ ಇಟ್ಟ ಸಂಸ್ಥೆಗಳಲ್ಲಿ ಕನ್ನಡದ ಒಂದೂ ಸಂಘವನ್ನು ನಾನು ಕಾಣಲಿಲ್ಲ.

ಕಾಳಗದಲ್ಲಿ ಸತ್ತವನಿಗೆ ಕಲ್ಲು ನೆಡುವುದನ್ನು ಯಾರೂ ನಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ನಮ್ಮ ನಾಡಿನ ಕೆರೆ ಏರಿ, ಗುಡಿಯ ಅಂಗಳ, ಹೊಲದ ಬದು ಎಲ್ಲಿ ನೋಡಿದರೂ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಎದುರು ಕೈಮುಗಿದು ಕುಳಿತ ವೀರ. ಬೆಂಗಳೂರು ಎಂಬ ಹೆಸರು ಸಿಗುವ ಅತಿ ಹಳೆಯ ದಾಖಲೆಯೇ ಬೇಗೂರಿನ ಒಂದು ವೀರಗಲ್ಲು, ಸುಮಾರು ಕ್ರಿ.ಶ. 890ರದ್ದು. ಅದು ಹೇಳುವುದು ಬೆಂಗಳೂರಿನ ಕಾಳಗದಲ್ಲಿ ಆದ ಸಾವಿನ ಸುದ್ದಿ. ಆ ಕಲ್ಲಿನ ಮುಂದೆ ನಿಂತವನು, ಸತ್ತವನು ಯಾವ ಕುಲ, ಯಾವ ಊರು ಎಂದು ವಿಚಾರಿಸಿ ಆಮೇಲೆ ಕೈಮುಗಿಯುವುದಿಲ್ಲ. ಲಂಡನ್ನಿನ ಥೇಮ್ಸ್ ದಡದ ಬಸವಣ್ಣನ ಪ್ರತಿಮೆಗೆ ನಾವು ಪ್ರೀತಿಯಿಂದ ಹೂಮಾಲೆ ಹಾಕುತ್ತೇವೆ. ಇವ ಯಾರವ ಎಂದು ಕೇಳಬೇಡಿ ಎಂದು ಹೇಳಿದವರ ಪ್ರತಿಮೆ ಅದು. ಹಿರಿಯರ ಆ ಪ್ರಶ್ನೆಗೆ ಅಂದು ಸಭೆಯಲ್ಲಿ ನನಗೆ ಹೊಳೆಯದ ಉತ್ತರ ಇದೇ.

ನನ್ನ ಬೇಡಿಕೆಗಳು ದೊಡ್ಡವಲ್ಲ, ದುಬಾರಿಯೂ ಅಲ್ಲ. ಬ್ರೈಟನ್ ಪ್ರವಾಸ ಇಟ್ಟುಕೊಂಡಾಗ ಅರಮನೆಗೆ ಕೊಡುವಷ್ಟಲ್ಲದಿದ್ದರೂ ಒಂದಿಷ್ಟು ಸಮಯವನ್ನು ಗುಡ್ಡಕ್ಕೂ ಕೊಡಿ. ಬಸ್ಸು ಪ್ಯಾಚಮ್ ಹಳ್ಳಿಯವರೆಗೆ ಬರುತ್ತದೆ, ಮುಂದಿನದು ಕಾಲ್ನಡಿಗೆ. ಮಕ್ಕಳಿಗೆ ಅದು ಏನೂ ಅಲ್ಲ, ಮಂಡಿನೋವಿನ ಹಿರಿಯರಿಗೆ ಖಂಡಿತ ಕಷ್ಟ. ಹತ್ತಲಾಗದವರಿಗೆ ಅರಮನೆಯ ಇಂಡಿಯನ್ ಗೇಟಿನ ಬಳಿಯೇ ಹತ್ತು ನಿಮಿಷ ಈ ಕತೆ ಹೇಳಬಹುದು. ಆ ದ್ವಾರವೂ 1921ರಲ್ಲಿ ಇದೇ ಶುಶ್ರೂಷೆಯ ಕೃತಜ್ಞತೆಗಾಗಿ ಭಾರತ ಕೊಟ್ಟ ಕಾಣಿಕೆ. ಮೇ ತಿಂಗಳಲ್ಲಿ ನಾವೆಲ್ಲ ಅದರ ಕೆಳಗೆ ನಿಂತು ಗುಂಪುಚಿತ್ರ ತೆಗೆಸಿಕೊಂಡೆವು, ಅದು ಯಾಕೆ ಅಲ್ಲಿದೆ ಎಂದು ಒಬ್ಬರೂ ಹೇಳಲಿಲ್ಲ.

ಎರಡನೆಯದು, ಚಿತೆಕಟ್ಟೆಗಳ ವಿಚಾರ. ಪ್ರವಾಸಕ್ಕೆ ಹೊರಡುವ ಮುನ್ನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರೆ ಸಾಕು: ಆ ಮೂರು ಹಾಸುಗಳ ಮೇಲೆ ಕೂರಬೇಡಿ, ಉಣ್ಣಬೇಡಿ, ಕುಣಿಯಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಗುಡ್ಡ ಎಲ್ಲರದು, ಹುಲ್ಲಿನ ಮೇಲೆ ಆಟವಾಡಲು ಬೇಕಾದಷ್ಟು ಜಾಗವಿದೆ. ಫೋಟೊ ತೆಗೆಯಬಾರದೆಂದೂ ನಾನು ಹೇಳುವುದಿಲ್ಲ. ರಾಜ್ಯೋತ್ಸವದ ನೃತ್ಯದ ಚಿತ್ರೀಕರಣಕ್ಕೆ ಮಾತ್ರ ಅದು ತಕ್ಕ ಸ್ಥಳವಲ್ಲ.

ಕನ್ನಡ ಕಲಿ ತರಗತಿಗಳನ್ನು ನಡೆಸುವ ಶಿಕ್ಷಕ ಶಿಕ್ಷಕಿಯರಲ್ಲಿ ವಿಶೇಷ ಮನವಿ. ವರ್ಷದಲ್ಲಿ ಒಂದು ತರಗತಿಯನ್ನು ಆ ಗೋಡೆಯ ಮುಂದೆ ನಡೆಸಿ. 53 ಹೆಸರುಗಳನ್ನು ಮಕ್ಕಳು ಹಂಚಿಕೊಂಡು, ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು, ಅಲ್ಲಿ ಗಟ್ಟಿಯಾಗಿ ಓದಲಿ. ಮಹಾಪ್ರಾಣವನ್ನೂ ಒತ್ತಕ್ಷರವನ್ನೂ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುವುದಿಲ್ಲ. ಇಂಗ್ಲಿಷಿನಲ್ಲಿ ಕೆತ್ತಿದ ಆ ಹೆಸರುಗಳು ಭಾರತದ ಒಂದು ಲಿಪಿಯಲ್ಲಿ ಸರಿಯಾದ ಉಚ್ಚಾರಕ್ಕೆ ಮರಳುವುದನ್ನು ಮಕ್ಕಳ ಬಾಯಲ್ಲಿ ಕೇಳುವ ಆಸೆ ನನಗಿದೆ. ಇದಕ್ಕೆ ಬೇಕಾದ ಎರಡು ಪುಟಗಳ ಕನ್ನಡ ಕರಪತ್ರವನ್ನು ನಾನೇ ಬರೆದುಕೊಡುತ್ತೇನೆ, ಮುದ್ರಣದ ಖರ್ಚನ್ನು ಸಂಘಗಳು ಹಂಚಿಕೊಳ್ಳಲಿ. ಜೂನ್ ತಿಂಗಳ ಕಾರ್ಯಕ್ರಮಕ್ಕೆ ಪ್ರತಿ ಸಂಘದಿಂದ ಒಬ್ಬರಾದರೂ ಬರಲಿ. ಭಾಷಣ ಬೇಡ, ಬ್ಯಾನರ್ ಬೇಡ. ಒಂದು ಮಾಲೆ ಸಾಕು.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಇಲ್ಲ ಎಂದರೂ ಕಾರಣ ಕೊಡಿ, ಬೇಸರಪಡುವುದಿಲ್ಲ. ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗಬೇಡಿ.

ತಮ್ಮ ತೀರ್ಮಾನ ಏನೇ ಇರಲಿ, ಸೆಪ್ಟೆಂಬರ್ 23ಕ್ಕೆ ಹತ್ತಿರದ ಭಾನುವಾರ ನಾನು ಗುಡ್ಡ ಹತ್ತುತ್ತೇನೆ. ಹೈಫಾದ ದಿನವನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಪ್ಯಾಚಮ್ ಹಳ್ಳಿಯ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ಬರುವವರು ಹಿಡಿತವಿರುವ ಬೂಟು ಹಾಕಿಕೊಳ್ಳಿ, ಮಳೆ ಬಂದಿದ್ದರೆ ದಾರಿ ಜಾರುತ್ತದೆ. ಮೇಲೆ ನೀರು ಸಿಗುವುದಿಲ್ಲ, ಶೌಚಾಲಯವಿಲ್ಲ, ಅಂಗಡಿಯಿಲ್ಲ. ಕುರಿಗಳು ಮೇಯುತ್ತಿರುತ್ತವೆ, ದಾಟಿದ ಗೇಟನ್ನು ಮರೆಯದೆ ಮುಚ್ಚಬೇಕು. ಹೂವು ತರುವವರು ಪ್ಲಾಸ್ಟಿಕ್ ಸುತ್ತದೆ ತನ್ನಿ. ಬುತ್ತಿಯನ್ನು ಕೆಳಗಿಳಿದು, ಕೈಕಾಲು ತೊಳೆದುಕೊಂಡ ಮೇಲೆ ಬಿಚ್ಚೋಣ. ಎಲ್ಲರಿಗೂ ಆಗುವಷ್ಟು ಚಿತ್ರಾನ್ನ ನಾನು ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಸೆಕ್ಸ್‌ನ ಒಬ್ಬ ಕನ್ನಡತಿ, ಆಸ್ಪತ್ರೆಯ ನರ್ಸ್